ಪಿನ್‌ಬಾಲ್ ಪೆಟ್ಟಿಗೆಯ ಮರ

1970ರ ದಶಕದ ಪಿನ್‌ಬಾಲ್ ಯಂತ್ರದ ಪೆಟ್ಟಿಗೆಯನ್ನು ಮುಕ್ಕಾಲು ಇಂಚು ದಪ್ಪದ ಪ್ಲೈವುಡ್ಡಿನಿಂದ ಮಾಡುತ್ತಿದ್ದರು. ಉದ್ದ ನಾಲ್ಕು ಅಡಿಗೆ ತುಸು ಹೆಚ್ಚು, ಅಗಲ ಎರಡು ಅಡಿಗೆ ತುಸು ಕಡಿಮೆ. ಎರಡು ಪಕ್ಕದ ಹಲಗೆ, ಮುಂದೊಂದು, ಹಿಂದೊಂದು, ಅಡಿಗೆ ಇನ್ನೂ ತೆಳುವಾದ ಒಂದು. ನಾಲ್ಕು ಮೂಲೆಗೆ ನಾಲ್ಕು ಉಕ್ಕಿನ ಕಾಲು, ಒಂದೊಂದು ಕಾಲಿಗೂ ಎರಡು ಬೋಲ್ಟ್. ಹಿಂತುದಿಯ ಮೇಲೆ, ಚಿತ್ರದ ಗಾಜು ಹೊತ್ತ ತಲೆಪೆಟ್ಟಿಗೆ. ಎಲ್ಲ ಸೇರಿ ಯಂತ್ರ ನೂರು ಕಿಲೋ ಆಸುಪಾಸು ತೂಗುತ್ತದೆ. ಆ ಭಾರವೆಲ್ಲ ಇಳಿದು ನಿಲ್ಲುವುದು ಎಂಟು ಬೋಲ್ಟುಗಳ ಸುತ್ತಲಿನ ಅಂಗೈಯಗಲದ ಮರದ ಮೇಲೆ. ಪಿನ್‌ಬಾಲ್ ಆಡಿ ಬೆಳೆದವರು ಗಾಜಿನ ಚಿತ್ರವನ್ನು, ಗಂಟೆಯ ನಾದವನ್ನು, ಚೆಂಡಿನ ಓಟವನ್ನು ನೆನೆಯುತ್ತಾರೆ. ಪೆಟ್ಟಿಗೆ ನೆನಪಿರುವುದು ಅದನ್ನು ಹೊತ್ತವರಿಗೆ.

ಚಿಕಾಗೊದ ಪಶ್ಚಿಮದ ಉಪನಗರವೊಂದರ ಗ್ಯಾರೇಜಿನಲ್ಲಿ ಈಚೆಗೆ ದುರಸ್ತಿಯಾದ ಪೆಟ್ಟಿಗೆ ಗಾಟ್ಲೀಬ್ ಕಂಪನಿಯದು, ಒಬ್ಬರೇ ಆಡುವ ಮಾದರಿ, 1970ರ ದಶಕದ ನಡುಭಾಗದ್ದು. ತಲೆಪೆಟ್ಟಿಗೆಯ ಆಕಾರ ಬೆಣೆಯ ಹಾಗಿರುವುದರಿಂದ ಹವ್ಯಾಸಿಗಳು ಈ ಜಾತಿಯ ಯಂತ್ರಗಳನ್ನು ‘ವೆಡ್ಜ್‌ಹೆಡ್’ ಎಂದು ಕರೆಯುತ್ತಾರೆ. ಹತ್ತಿರದ ಮನೆಯೊಂದರ ಹಿರಿಯರು ತೀರಿಕೊಂಡು ಸಾಮಾನು ಮಾರಾಟಕ್ಕಿಟ್ಟಾಗ, ಕಾಲು ಬಿಚ್ಚಿ ಬೇಸ್‌ಮೆಂಟಿನ ಗೋಡೆಗೆ ಒರಗಿಸಿಟ್ಟಿದ್ದ ಇದನ್ನು ಕೊಂಡವರು ಎಪ್ಪತ್ತು ದಾಟಿದ ಒಬ್ಬ ನಿವೃತ್ತ ಎಂಜಿನಿಯರ್, ಮೈಸೂರು ಸೀಮೆಯ ಹಳ್ಳಿಯೊಂದರಿಂದ ಹೋದವರು. ಮರಗೆಲಸ ಅವರಿಗೆ ಹೊಸದು. ಆದರೆ ಇಂಥ ಪೆಟ್ಟಿಗೆಯ ಭಾರ ಅವರ ಹೆಗಲಿಗೆ ಹಳೆಯದು.

ಅಮೆರಿಕ 1965ರಲ್ಲಿ ವಲಸೆ ಕಾನೂನು ಬದಲಿಸಿ ಹಳೆಯ ರಾಷ್ಟ್ರವಾರು ಕೋಟಾ ಕೈಬಿಟ್ಟ ಮೇಲೆ ಕರ್ನಾಟಕದ ಎಂಜಿನಿಯರುಗಳೂ ವೈದ್ಯರೂ ಅತ್ತ ಹೊರಟರು. 1973ರ ತೈಲ ಬಿಕ್ಕಟ್ಟಿನ ಬೆನ್ನಿಗೆ ಅಲ್ಲಿ ಇಳಿದವರಿಗೆ ಕೈಯಲ್ಲಿ ಪದವಿಯಿತ್ತು, ಕೆಲಸವಿರಲಿಲ್ಲ. ಅಂಥವರಲ್ಲಿ ಒಬ್ಬನಾಗಿದ್ದ, ಮುಂದೆ ಈ ಪೆಟ್ಟಿಗೆ ಕೊಳ್ಳಲಿದ್ದ ಯುವಕ, ಬೇರೆ ದಾರಿ ಕಾಣದೆ, ಹೋಟೆಲು, ಬಾರು, ಬೌಲಿಂಗ್ ಅಂಗಳಗಳಲ್ಲಿ ಪಿನ್‌ಬಾಲ್ ಯಂತ್ರಗಳನ್ನೂ ಹಾಡಿನ ಪೆಟ್ಟಿಗೆಗಳನ್ನೂ ಇಡುವ ಒಬ್ಬ ಆಪರೇಟರನ ಬಳಿ ಆಳಾಗಿ ಸೇರಿದ. ಯಂತ್ರ ಆಪರೇಟರನದು, ಜಾಗ ಅಂಗಡಿಯವನದು, ಬಿದ್ದ ನಾಣ್ಯ ಇಬ್ಬರಿಗೂ ಸಮಪಾಲು. ಹೊಸ ಯಂತ್ರ ಬಂದಾಗ ಒಳಗೆ ಹೊರುವುದು, ಹಳತಾದಾಗ ಹೊರಗೆ ಹೊರುವುದು, ವಾರಕ್ಕೊಮ್ಮೆ ನಾಣ್ಯದ ಡಬ್ಬಿ ಎತ್ತುವುದು ಆಳಿನ ಪಾಲಿನ ಕೆಲಸ.

ಆ ವ್ಯಾಪಾರಕ್ಕೆ ಚಿಕಾಗೊ ತವರು. 1931ರಲ್ಲಿ ಡೇವಿಡ್ ಗಾಟ್ಲೀಬ್ ‘ಬ್ಯಾಫಲ್ ಬಾಲ್’ ಮಾಡಿ ಮಾರಿದ್ದು ಇಲ್ಲಿಂದ. ಮರುವರ್ಷ ರೇಮಂಡ್ ಮೊಲೊನಿ ‘ಬ್ಯಾಲಿಹೂ’ ತಂದು, ಅದರ ಹೆಸರಿನಿಂದಲೇ ಬ್ಯಾಲಿ ಕಂಪನಿ ಕಟ್ಟಿದ್ದೂ ಇಲ್ಲಿಯೇ. ಆ ಮೊದಲ ಯಂತ್ರಗಳು ಅಂಗಡಿಯ ಗಲ್ಲೆಯ ಮೇಲೆ ಇಡುವಷ್ಟು ಚಿಕ್ಕವು. ಚೆಂಡನ್ನು ಒಮ್ಮೆ ಚಿಮ್ಮಿಸಿದ ಮೇಲೆ ಆಟಗಾರನಿಗೆ ಉಳಿಯುತ್ತಿದ್ದ ಒಂದೇ ಉಪಾಯವೆಂದರೆ ಪೆಟ್ಟಿಗೆಯನ್ನು ತಳ್ಳುವುದು, ಗುದ್ದುವುದು. ಅದಕ್ಕೆ ಕಡಿವಾಣ ಹಾಕಲು ಹ್ಯಾರಿ ವಿಲಿಯಮ್ಸ್ ‘ಟಿಲ್ಟ್’ ಸಾಧನ ಕಂಡುಹಿಡಿದ. 1947ರಲ್ಲಿ ಗಾಟ್ಲೀಬಿನ ‘ಹಂಪ್ಟಿ ಡಂಪ್ಟಿ’ಯಲ್ಲಿ, ಹ್ಯಾರಿ ಮ್ಯಾಬ್ಸ್ ಕೈಯಲ್ಲಿ, ಚೆಂಡನ್ನು ಮರಳಿ ಮೇಲಕ್ಕೆ ಹೊಡೆಯುವ ವಿದ್ಯುತ್ತಿನ ಫ್ಲಿಪ್ಪರ್ ಬಂತು. ಆಟ ಕೌಶಲದ್ದಾಯಿತು, ಆದರೆ ಪೆಟ್ಟಿಗೆಗೆ ಏಟು ತಪ್ಪಲಿಲ್ಲ. ಕಾಲುಗಳು ಮರದಿಂದ ಲೋಹಕ್ಕೆ ತಿರುಗಿದವು. 1960ರ ಹೊತ್ತಿಗೆ ಪಕ್ಕದ ಅಂಚುಗಳಿಗೂ ಉಕ್ಕಿನ ಪಟ್ಟಿ ಬಂದು, ‘ವುಡ್‌ರೇಲ್’ ಎಂಬ ಕಾಲ ಮುಗಿಯಿತು. ಸರ್ಕಾರಗಳು ಮಾತ್ರ ಬಹುಕಾಲ ಇದನ್ನು ಜೂಜೆಂದೇ ಎಣಿಸಿದವು. ನ್ಯೂಯಾರ್ಕ್ 1942ರಲ್ಲಿ ನಿಷೇಧಿಸಿತು. ಪೊಲೀಸರು ಸುತ್ತಿಗೆಯಿಂದ ಯಂತ್ರಗಳನ್ನು ಒಡೆದರು. 1976ರಲ್ಲಿ ರೋಜರ್ ಶಾರ್ಪ್ ಎಂಬ ಆಟಗಾರ ನಗರಸಭೆಯ ಮುಂದೆ ಯಂತ್ರವನ್ನು ಆಡಿ ತೋರಿಸಿ, ಇದು ಕೈಚಳಕದ ಆಟವೆಂದು ಒಪ್ಪಿಸಿದ ಮೇಲೆ ಆ ನಿಷೇಧ ತೆರವಾಯಿತು. ಜಗತ್ತಿಗೆಲ್ಲ ಯಂತ್ರ ಮಾಡಿ ಕಳಿಸುತ್ತಿದ್ದ ಚಿಕಾಗೊ ನಗರದ ಎಲ್ಲೆಯೊಳಗೂ 1970ರ ದಶಕದ ನಡುವಿನವರೆಗೆ ಅದನ್ನು ಆಡುವಂತಿರಲಿಲ್ಲ. ಆದ್ದರಿಂದ ಆಪರೇಟರುಗಳ ದಾರಿಗಳೆಲ್ಲ ಉಪನಗರಗಳಲ್ಲಿ ಹರಡಿದ್ದವು, ಒಂದು ಸುತ್ತು ಎಂದರೆ ದಿನವಿಡೀ ಹಿಮದ ರಸ್ತೆಯಲ್ಲಿ ವ್ಯಾನು ಓಡಿಸುವ ಕೆಲಸ.

ಯುವಕನ ಯಜಮಾನ ಪೋಲೆಂಡ್ ಮೂಲದವನು. ಅರವತ್ತರ ಆಸುಪಾಸಿನ ದಪ್ಪ ಕೈಗಳ ಮನುಷ್ಯ. ಮೊದಲ ಚಳಿಗಾಲಕ್ಕೆ ತನ್ನದೇ ಹಳೆಯ ಉಣ್ಣೆ ಕೋಟು ಕೊಟ್ಟ. ಹುಡುಗ ಮಾಂಸ ತಿನ್ನುವುದಿಲ್ಲವೆಂದು ಗೊತ್ತಾದ ಮೇಲೆ ಯಜಮಾನನ ಹೆಂಡತಿ ಆಲೂಗಡ್ಡೆ ತುಂಬಿದ ಪಿರೋಗಿ ಎಂಬ ಕಡುಬನ್ನು ಬೇರೆಯೇ ಪೊಟ್ಟಣ ಕಟ್ಟಿ ಕಳಿಸುತ್ತಿದ್ದಳು. ಭಾರ ಎತ್ತುವಾಗ ಬೆನ್ನು ಬಗ್ಗಬಾರದು, ಮೊಣಕಾಲು ಬಗ್ಗಬೇಕು ಎಂದು ಕಲಿಸಿದವನೂ ಅವನೇ. ಅರ್ಧ ಶತಮಾನದ ನಂತರ ಆ ಎಂಜಿನಿಯರರ ಬೆನ್ನು ಇನ್ನೂ ನೆಟ್ಟಗಿರುವುದಕ್ಕೆ ಆ ಪಾಠವೂ ಒಂದು ಕಾರಣ. ಹಾಗೆಂದು ಲೆಕ್ಕ ಅವನ ಕಡೆಗೇ ವಾಲಿತ್ತು ಎಂಬುದನ್ನು ಮರೆಯುವ ಹಾಗಿಲ್ಲ. ಕೂಲಿ ಕಡಿಮೆ, ಹೊತ್ತು ಮೀರಿದ ದುಡಿಮೆಗೆ ಕಾಸಿಲ್ಲ. ಹುಡುಗನ ಹೆಸರು ನಾಲಗೆಗೆ ಹೊರಳುವುದಿಲ್ಲವೆಂದು ಇನ್ಯಾವುದೋ ಹೆಸರಿಟ್ಟು, ಕೊನೆಯ ದಿನದವರೆಗೂ ಅದೇ ಹೆಸರಿನಿಂದ ಕೂಗಿದ. ಆ ವಯಸ್ಸಿನಲ್ಲಿ ಕೋಟು ಕೊಟ್ಟ ಕೈ ದೊಡ್ಡದಾಗಿ ಕಂಡಿತು, ಕೂಲಿ ಮುರಿದ ಕೈ ಕಾಣಲಿಲ್ಲ. ಈಗ ಎರಡೂ ಕಾಣುತ್ತವೆ, ಮತ್ತು ಎರಡೂ ಒಬ್ಬನವೇ.

ಪೆಟ್ಟಿಗೆಯ ವಿಷಯದಲ್ಲಿ ಆ ಯಜಮಾನ ಇಡೀ ದಂಧೆಯ ಹಾಗೆಯೇ ಯೋಚಿಸುತ್ತಿದ್ದ. ರಿಲೇ, ಕಾಯಿಲ್, ಅಂಕಿಯ ಚಕ್ರಗಳಿಗೆ ಅವನು ಕೊಡುತ್ತಿದ್ದ ಗಮನ ಅಪಾರ. ಕಾಂಟ್ಯಾಕ್ಟುಗಳನ್ನು ಒಂದೊಂದಾಗಿ ಅರದಿಂದ ತಿಕ್ಕಿ ಸರಿಪಡಿಸುತ್ತಿದ್ದ. ಮರ ಸೀಳಿದರೆ ಮಾತ್ರ ಹೊರಗಿನಿಂದ ಒಂದು ಕಬ್ಬಿಣದ ಎಲ್ ಪಟ್ಟಿ, ಸಿಕ್ಕಿದ ಬೋಲ್ಟು, ಮೇಲೊಂದು ಕೈ ಕಪ್ಪು ಬಣ್ಣ. ಒಂದು ಜಾಗದಲ್ಲಿ ಕೆಲವು ತಿಂಗಳು, ಇನ್ನೊಂದರಲ್ಲಿ ಕೆಲವು ತಿಂಗಳು, ಮೂರ್ನಾಲ್ಕು ವರ್ಷದಲ್ಲಿ ಗಳಿಕೆ ಇಳಿದು ಯಂತ್ರ ಗೋದಾಮು ಸೇರುತ್ತಿತ್ತು. ಅಷ್ಟು ದಿನ ನಿಂತರೆ ಪೆಟ್ಟಿಗೆಯ ಋಣ ತೀರಿತು. ಕಾರ್ಖಾನೆಯೂ ಇದೇ ಲೆಕ್ಕದಲ್ಲಿ ಮಾಡುತ್ತಿತ್ತು. ಹಳೆಯದೆಲ್ಲ ಗಟ್ಟಿ, ಈಗಿನದೆಲ್ಲ ಪೊಳ್ಳು ಎಂಬ ಮಾತು ಬಿಚ್ಚಿದ ಪೆಟ್ಟಿಗೆಯ ಮುಂದೆ ನಿಲ್ಲುವುದಿಲ್ಲ. ಪ್ಲೈವುಡ್ಡಿನ ಒಳಪದರಗಳಲ್ಲಿ ಅಲ್ಲಲ್ಲಿ ಟೊಳ್ಳು, ಮೂಲೆಯ ಒಳಗೆ ಅಂಟು ಹಚ್ಚಿ ತಂತಿಮೊಳೆ ಹೊಡೆದ ತುಂಡುಮರ, ಕೆಲವೆಡೆ ಅಂಟು ತಲುಪದೆ ಒಣಗಿಯೇ ಉಳಿದ ಸಂದು. ಕೆಟ್ಟ ಕೆಲಸವೆಂದಲ್ಲ. ಹೊತ್ತಿಗೆ ತಕ್ಕ ಕೆಲಸ.

ಈ ಪೆಟ್ಟಿಗೆಗೆ ಆದ ಹಾನಿ ಮೂರು ಬಗೆಯದು. ಮೊದಲನೆಯದು ನೀರಿನದು. ಬೇಸ್‌ಮೆಂಟಿನ ನೆಲದಲ್ಲಿ ಕೆಳಮುಖವಾಗಿ ನಿಂತಿದ್ದ ಹಿಂಬದಿಯ ಅಂಚು ವರ್ಷಗಟ್ಟಲೆ ತೇವ ಹೀರಿತ್ತು. ಮನೆಯೊಳಗಿನ ಬಳಕೆಗೆಂದು ಮಾಡಿದ ಪ್ಲೈವುಡ್ಡಿನ ಅಂಟು ನೀರಿಗೆ ತಾಳುವುದಿಲ್ಲ. ಪದರಗಳು ನೆನೆದ ಪುಸ್ತಕದ ಹಾಳೆಗಳಂತೆ ಉಬ್ಬಿ ಬಿಚ್ಚಿಕೊಂಡಿದ್ದವು. ಎರಡನೆಯದು ಕಾಲಿನದು. ಕಾಲು ಕಳಚದೆ ಯಂತ್ರವನ್ನು ನೆಲದ ಮೇಲೆ ಎಳೆದಾಗ ಕಾಲು ಸನ್ನೆಕೋಲಾಗುತ್ತದೆ, ಬೋಲ್ಟಿನ ಬುಡದಲ್ಲಿ ಮರ ಸೀಳುತ್ತದೆ. ಮುಂದಿನ ಎಡಮೂಲೆ ಹೀಗೆ ಮೇಲಿನಿಂದ ಕೆಳಗಿನವರೆಗೆ ಬಾಯಿ ಬಿಟ್ಟಿತ್ತು. ಮೂರನೆಯದು ಮನುಷ್ಯರದು. ನಾಣ್ಯದ ಬಾಗಿಲ ಸುತ್ತ ಯಾರೋ ಮೀಟಿ ತೆರೆಯಲು ನೋಡಿದ ಕಚ್ಚು, ಪಕ್ಕದ ಹಲಗೆಯ ಮೇಲೆ ಉಂಗುರದಿಂದ ಗೀರಿದ ಗೆರೆ, ಫ್ಲಿಪ್ಪರ್ ಗುಂಡಿಗಳ ಸುತ್ತ ಅಂಗೈಗಳು ಸವೆಸಿ ಬಣ್ಣ ಹೋಗಿ ಬರಿದಾದ ಮರ. ಸೀಳಿದ ಮೂಲೆಯ ಹೊರಗೆ ಒಂದು ಎಲ್ ಪಟ್ಟಿ, ಒಂದಕ್ಕೊಂದು ಹೊಂದದ ನಾಲ್ಕು ಬೋಲ್ಟು, ಕಪ್ಪು ಬಣ್ಣ. ಇದು ಅದೇ ಯಜಮಾನ ನಡೆಸಿದ ಯಂತ್ರವೆಂದು ಹೇಳಲು ಆಧಾರವಿಲ್ಲ, ಎಲ್ಲ ಆಪರೇಟರುಗಳೂ ಮಾಡುತ್ತಿದ್ದುದು ಹೀಗೆಯೇ. ಆದರೂ ಆ ನಾಲ್ಕು ಬೋಲ್ಟನ್ನು ನೋಡಿದ್ದೇ ಆ ಎಂಜಿನಿಯರ್ ಬೆಲೆ ಚರ್ಚಿಸದೆ ದುಡ್ಡು ಕೊಟ್ಟರು.

ಉಳಿ ಹಿಡಿಯಲು ಅವರು ಎಪ್ಪತ್ತರವರೆಗೆ ಕಾಯಬೇಕಾದುದಕ್ಕೆ ಊರಿನ ಕಾರಣವೂ ಇದೆ. ಬಾಲ್ಯದ ಹಳ್ಳಿಯಲ್ಲಿ ಬಡಗಿಯ ಕೊಟ್ಟಿಗೆ ಮನೆಯಿಂದ ನಾಲ್ಕು ಹೆಜ್ಜೆ. ನೇಗಿಲು, ಗಾಡಿಯ ನೊಗ, ಬಾಗಿಲ ಚೌಕಟ್ಟು, ತೊಟ್ಟಿಲು ಎಲ್ಲ ಅಲ್ಲಿಯೇ ಆಗುತ್ತಿದ್ದವು. ಮತ್ತಿ, ಹೊನ್ನೆ, ಹಲಸು, ತೇಗವನ್ನು ಆ ಬಡಗಿ ಮೂಸಿಯೇ ಹೇಳುತ್ತಿದ್ದ. ಕುಳಿ ಕೊರೆದು, ಅದಕ್ಕೆ ಸರಿಯಾಗಿ ಕೂರುವ ಮರದ ನಾಲಗೆ ಕೂಡಿಸಿ, ಒಂದು ಮೊಳೆಯಿಲ್ಲದೆ ಚೌಕಟ್ಟು ನಿಲ್ಲಿಸುತ್ತಿದ್ದ. ಹುಡುಗ ಗಂಟೆಗಟ್ಟಲೆ ಹೊಟ್ಟಿನ ರಾಶಿಯ ಬಳಿ ಕೂತು ನೋಡಬಹುದಿತ್ತು, ಮುಟ್ಟುವಂತಿರಲಿಲ್ಲ. ಓದುವ ಮನೆತನದ ಮಕ್ಕಳು ಕೈಗೆ ಉಳಿ ತೆಗೆದುಕೊಳ್ಳಬಾರದೆಂಬುದು ಮನೆಯ ಹಿರಿಯರ ಕಟ್ಟಪ್ಪಣೆ. ಬಡಗಿಯ ಮಗ ಓದಲಿ ಎಂದೂ ಯಾರೂ ಹೇಳಲಿಲ್ಲ. ಜಾತಿ ಕೆಲಸವನ್ನು ಹಂಚಿದಾಗ ಎರಡೂ ಕಡೆಯ ಮಕ್ಕಳ ಕೈಯಿಂದ ಏನೋ ಕಿತ್ತುಕೊಂಡಿತು, ಬಡಗಿಯ ಮಗನಿಂದ ಹೆಚ್ಚು. ಆ ಕೊಟ್ಟಿಗೆಯ ಜಾಗದಲ್ಲಿ ಈಗ ಸಿದ್ಧ ಬಾಗಿಲು ಮಾರುವ ಅಂಗಡಿಯಿದೆ.

ದುರಸ್ತಿಯ ಮೊದಲ ಹಂತದಲ್ಲಿ ಮರಕ್ಕೆ ಕೈ ಹಚ್ಚುವಂತಿಲ್ಲ. ಆಟದ ಹಲಗೆಯನ್ನು ಎತ್ತಿ ತೆಗೆದು, ಅಡಿಯ ಮೇಲೆ ಕೂತ ರಿಲೇಗಳ ಫಲಕ, ಟ್ರಾನ್ಸ್‌ಫಾರ್ಮರ್, ಗಂಟೆಗಳು, ನಾಣ್ಯದ ಬಾಗಿಲು ಎಲ್ಲವನ್ನೂ ಗುರುತು ಕಟ್ಟಿ ಹೊರಗಿಡಬೇಕು. ವೈರುಗಳನ್ನು ಕತ್ತರಿಸದೆ, ಪ್ಲಗ್ಗು ಬಿಡಿಸಿ, ಗೊಂಚಲಾಗಿಯೇ ಎತ್ತುವುದು ಲೇಸು. ಎರಡನೆಯ ಹಂತ ಚಿತ್ರದ್ದು. ಪೆಟ್ಟಿಗೆಯ ಪಕ್ಕದ ಚಿತ್ರಗಳನ್ನು ಕಾರ್ಖಾನೆಯಲ್ಲಿ ತಿಳಿಬಣ್ಣದ ತಳದ ಮೇಲೆ ಕೊರೆಯಚ್ಚು ಇಟ್ಟು, ಒಂದೆರಡು ಬಣ್ಣ ಸಿಂಪಡಿಸಿ ಮಾಡುತ್ತಿದ್ದರು. ಉಜ್ಜಿದರೆ ಅವು ಹೋದವು. ಆದ್ದರಿಂದ ಮೊದಲೇ ಪಾರದರ್ಶಕ ಹಾಳೆ ಹಾಸಿ, ಪ್ರತಿ ಅಂಚನ್ನೂ ಗೆರೆ ಎಳೆದು ಎತ್ತಿಕೊಳ್ಳಬೇಕು. ಮೂಲೆಯಿಂದ, ಗುಂಡಿಯ ತೂತಿನಿಂದ ಎಷ್ಟು ದೂರವೆಂದು ಬರೆದಿಡಬೇಕು. ಬಿಸಿಲು ಕಾಣದ ಜಾಗದಲ್ಲಿ, ಉಕ್ಕಿನ ಪಟ್ಟಿಯ ಅಡಿಯಲ್ಲಿ, ಅಸಲು ಬಣ್ಣ ಮಾಸದೆ ಉಳಿದಿರುತ್ತದೆ. ಹೊಸ ಬಣ್ಣ ಕಲೆಸಲು ಅದೇ ಆಧಾರ. ಅಮೆರಿಕ ಮನೆಬಳಕೆಯ ಬಣ್ಣಗಳಲ್ಲಿ ಸೀಸವನ್ನು ನಿಷೇಧಿಸಿದ್ದು 1978ರಲ್ಲಿ. ಅದಕ್ಕಿಂತ ಹಳೆಯ ಬಣ್ಣವನ್ನು ಒಣದಾಗಿ ಉಜ್ಜುವುದು ಅಪಾಯ. ಮುಖಗವಸು ಹಾಕಿ, ನೀರು ಹಚ್ಚಿಯೇ ಉಜ್ಜಬೇಕು, ಮೊಮ್ಮಕ್ಕಳನ್ನು ಗ್ಯಾರೇಜಿನಿಂದ ದೂರವಿಡಬೇಕು.

ನಂತರ ಸಂದು ಬಿಡಿಸುವ ಕೆಲಸ. ಹೊಸಬರಿಗೆ ಇಲ್ಲಿ ಕೈ ನಡುಗುತ್ತದೆ, ಅರ್ಧ ಬಿಟ್ಟ ಸಂದಿನೊಳಗೆ ಅಂಟು ಸುರಿದು ಬಿಗಿದುಬಿಡೋಣ ಅನ್ನಿಸುತ್ತದೆ. ಆದರೆ ಮರಗೆಲಸದ ಬಿಳಿ, ಹಳದಿ ಅಂಟು ಹಿಡಿಯುವುದು ಮರದ ನಾರಿಗೆ. ಹಳೆಯ ಅಂಟಿನ ಪದರದ ಮೇಲೆ ಅದು ಹಿಡಿಯುವುದಿಲ್ಲ. ಆದ್ದರಿಂದ ಸಡಿಲವಾದ ಮೂಲೆಯನ್ನು ಪೂರ್ತಿ ಬಿಡಿಸಬೇಕು. ಒಳಮೂಲೆಯ ತುಂಡುಮರಗಳನ್ನು ಉಳಿಯಿಂದ ಎಬ್ಬಿಸಿ, ಹಲಗೆಗೆ ಇನ್ನೊಂದು ಮರದ ಚೂರು ಅಡ್ಡಕೊಟ್ಟು, ಕೊಡತಿಯಿಂದ ಮೆಲ್ಲಗೆ ತಟ್ಟುತ್ತ ಬಂದರೆ ಒಂದು ಹಂತದಲ್ಲಿ ಸಂದು ತಾನೇ ಬಿಡುತ್ತದೆ. ಹಳೆಯ ಅಂಟನ್ನು ಕೆರೆದು, ಬರಿ ಮರ ಕಾಣುವವರೆಗೆ ಹೋಗಬೇಕು. ಬಿಚ್ಚಿದ ಪದರಗಳ ನಡುವೆ ತೆಳು ಅಲಗು ತೂರಿಸಿ, ಅಂಟನ್ನು ಆಳಕ್ಕೆ ಇಳಿಸಿ, ಎರಡೂ ಕಡೆ ಮೇಣಕಾಗದ ಮತ್ತು ಹಲಗೆ ಕೊಟ್ಟು ಕ್ಲಾಂಪ್ ಬಿಗಿಯಬೇಕು. ನಾರೇ ಕೊಳೆತು ಪುಡಿಯಾದಲ್ಲಿ ಅಂಟಿನಿಂದ ಆಗದು. ಕೊಳೆತದ್ದನ್ನು ಚೌಕಾಕಾರಕ್ಕೆ ಕತ್ತರಿಸಿ ತೆಗೆದು, ಅದೇ ದಪ್ಪದ ಬರ್ಚ್ ಪ್ಲೈವುಡ್ಡಿನ ತೇಪೆ ಕೂರಿಸಬೇಕು. ಈ ಪೆಟ್ಟಿಗೆಯ ಹಿಂದಿನ ಹಲಗೆಯ ಕೆಳಭಾಗ ಹೀಗೆ ಉದ್ದಕ್ಕೂ ಹೊಸದಾಯಿತು. ತಣ್ಣನೆಯ ಗ್ಯಾರೇಜಿನಲ್ಲಿ, ಹತ್ತು ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ, ಈ ಅಂಟು ಸರಿಯಾಗಿ ಕೂಡುವುದಿಲ್ಲ, ಒಣಗಿ ಸುಣ್ಣದಂತಾಗುತ್ತದೆ. ಚಿಕಾಗೊದ ಚಳಿಗಾಲ ಗೊತ್ತಿದ್ದವರು ಅಂಟಿನ ಕೆಲಸವನ್ನು ವಸಂತಕ್ಕೆ ಇಟ್ಟುಕೊಳ್ಳುತ್ತಾರೆ, ಅಷ್ಟು ದಿನ ಕೆರೆಯುವುದು, ಗೆರೆ ಎಳೆಯುವುದು ಮುಗಿಸುತ್ತಾರೆ.

ಎಲ್ ಪಟ್ಟಿಯ ಪ್ರಶ್ನೆ ಆ ಚಳಿಗಾಲದುದ್ದಕ್ಕೂ ಉಳಿಯಿತು. ಹಳೆಯ ವಸ್ತುವನ್ನು ದುರಸ್ತಿ ಮಾಡುವವರಲ್ಲಿ ಎರಡು ಪಂಥ. ಕಾರ್ಖಾನೆಯಿಂದ ಹೊರಟ ದಿನದ ರೂಪ ಬರಬೇಕು ಎನ್ನುವವರು ಒಂದು ಕಡೆ; ಬಾಳಿದ ಗುರುತೆಲ್ಲ ಉಳಿಯಬೇಕು ಎನ್ನುವವರು ಇನ್ನೊಂದು ಕಡೆ. ಆ ಪಟ್ಟಿಯಲ್ಲಿ ಒಬ್ಬ ಮುದುಕನ ಕೈ ಇತ್ತು, ಅವನದಲ್ಲದಿದ್ದರೆ ಅವನಂಥವನದು. ಅದನ್ನು ಬಿಚ್ಚುವುದು ಉಣ್ಣೆ ಕೋಟನ್ನು ಹಿಂತಿರುಗಿಸಿದಂತೆ ಎಂಬ ಅಳುಕು ಆ ಎಂಜಿನಿಯರರಿಗಿತ್ತು. ಬಿಚ್ಚಿದ ಮೇಲೆ ಮರ ಬೇರೆಯೇ ಹೇಳಿತು. ನಾಲ್ಕು ಬೋಲ್ಟಿನ ತೂತುಗಳು ಸೀಳಿನ ಗೆರೆಯ ಮೇಲೆಯೇ ಬಿದ್ದಿದ್ದವು, ಒಂದೊಂದು ತೂತೂ ಸೀಳನ್ನು ಇನ್ನಷ್ಟು ಮುಂದಕ್ಕೆ ಒಯ್ದಿತ್ತು. ಕಬ್ಬಿಣದ ಅಡಿಯಲ್ಲಿ ತೇವ ನಿಂತು ತುಕ್ಕು ಮರದೊಳಕ್ಕೆ ಇಳಿದಿತ್ತು. ಒಂದು ಸಂಜೆಯ ಅಂಟು, ಒಂದು ರಾತ್ರಿಯ ಕ್ಲಾಂಪು ಆಗ ಸಿಕ್ಕಿದ್ದರೆ ಈ ಮೂಲೆ ಬದುಕುತ್ತಿತ್ತು. ಆದರೆ ಆ ರಾತ್ರಿ ಯಂತ್ರ ಬಾರಿನಲ್ಲಿ ನಾಣ್ಯ ನುಂಗುತ್ತಿರಬೇಕಿತ್ತು. ಪಟ್ಟಿ ಹೋಯಿತು. ತೂತುಗಳಿಗೆ ಬರ್ಚ್ ಮರದ ಬೆಣೆ ಕೂಡಿಸಿ, ಮಟ್ಟಕ್ಕೆ ಕೆತ್ತಿ, ಒಳಮೂಲೆಗೆ ಗಟ್ಟಿಮರದ ಹೊಸ ಉದ್ದ ತುಂಡನ್ನು ಕೆಳಗಿನಿಂದ ಮೇಲಿನವರೆಗೆ ಅಂಟಿಸಲಾಯಿತು. ಯಜಮಾನನ ಬಗ್ಗೆ ಪ್ರೀತಿ ಇರುವುದು ಒಂದು, ಅವನ ತೇಪೆಯನ್ನು ಕಾಪಾಡುವುದು ಇನ್ನೊಂದು.

ನಾಲ್ಕೂ ಮೂಲೆ ಕೂಡಿಸುವಾಗ ಮೂಲೆಮಟ್ಟದ ಜೊತೆಗೆ ಕರ್ಣದ ಅಳತೆ ಬೇಕು. ಎರಡೂ ಕರ್ಣಗಳು ಸಮನಾದರೆ ಪೆಟ್ಟಿಗೆ ಚೌಕ. ಇಲ್ಲದಿದ್ದರೆ ಆಟದ ಹಲಗೆ ಒಳಗೆ ಕೂರುವುದಿಲ್ಲ, ಮೇಲಿನ ಗಾಜು ಜಾರುವುದಿಲ್ಲ. ಅಂಟು ಒಣಗುವ ಮೊದಲು ಉದ್ದವಾದ ಕರ್ಣದ ಮೇಲೆ ಕ್ಲಾಂಪ್ ಹಾಕಿ ಎಳೆದರೆ ಸರಿಹೋಗುತ್ತದೆ. ಕ್ಲಾಂಪನ್ನು ಗಂಟೆಯೊಳಗೆ ತೆಗೆಯಬಹುದು, ಆದರೆ ಪೂರ್ತಿ ಬಲಕ್ಕೆ ಇಪ್ಪತ್ತನಾಲ್ಕು ಗಂಟೆ ಬೇಕು. ಅಡಿಯ ಹಲಗೆಯನ್ನು ಉಳಿಸುವ ಪ್ರಯತ್ನಕ್ಕೆ ಅರ್ಥವಿಲ್ಲ. ಹೊಸದನ್ನು ಕತ್ತರಿಸಿ, ಹಳೆಯದನ್ನೇ ಮಾದರಿಯಾಗಿಟ್ಟು ಗಾಳಿಯ ತೂತುಗಳನ್ನು ಕೊರೆದರೆ ಮುಗಿಯಿತು.

ಆ ಯಂತ್ರಗಳು ಬೇಸ್‌ಮೆಂಟು ಸೇರಿದ ಬಗೆಯನ್ನೂ ಇಲ್ಲಿ ಹೇಳಬೇಕು. 1977ರ ಹೊತ್ತಿಗೆ ಬ್ಯಾಲಿ, ವಿಲಿಯಮ್ಸ್ ಕಂಪನಿಗಳೆರಡೂ ಎಲೆಕ್ಟ್ರಾನಿಕ್ ಯಂತ್ರ ತಂದವು. ಒಂದೆರಡು ವರ್ಷದಲ್ಲಿ ರಿಲೇ, ಗಂಟೆ, ತಿರುಗುವ ಅಂಕಿ ಚಕ್ರಗಳ ತಯಾರಿಕೆಯೇ ನಿಂತಿತು. 1980ರಲ್ಲಿ ಪ್ಯಾಕ್-ಮ್ಯಾನ್ ಬಂತು. ಪಿನ್‌ಬಾಲ್ ಇದ್ದ ಜಾಗದಲ್ಲಿ ವಿಡಿಯೊ ಆಟದ ಪೆಟ್ಟಿಗೆ ನಿಂತಿತು, ರಿಪೇರಿ ಕಡಿಮೆ, ನಾಣ್ಯ ಹೆಚ್ಚು. ಹಳೆಯವನ್ನು ಕೊಂಡೊಯ್ಯಲು ಬಂದವರಿಗೆ ಆಪರೇಟರುಗಳು ಅಗ್ಗಕ್ಕೆ ಕೊಟ್ಟರು, ಯಾರೂ ಬರದಿದ್ದರೆ ಬಿಡಿಭಾಗ ಕಳಚಿಕೊಂಡು ಪೆಟ್ಟಿಗೆಯನ್ನು ಸುಟ್ಟರು. 1992ರ ‘ಆಡಮ್ಸ್ ಫ್ಯಾಮಿಲಿ’ ಯಂತ್ರ 20 ಸಾವಿರಕ್ಕೂ ಹೆಚ್ಚು ಮಾರಾಟವಾಗಿ ಆಟ ಮತ್ತೆ ಚಿಗುರಿದಂತೆ ಕಂಡರೂ, 1996ರಲ್ಲಿ ಗಾಟ್ಲೀಬ್ ಹೆಸರಿನ ತಯಾರಿಕೆ ನಿಂತಿತು. 1999ರಲ್ಲಿ ವಿಲಿಯಮ್ಸ್ ಪಿನ್‌ಬಾಲ್ ಕೈಬಿಟ್ಟಿತು. ಕೆಲಕಾಲ ಸ್ಟರ್ನ್ ಕಂಪನಿಯೊಂದೇ ಉಳಿದಿತ್ತು. ಈಗ ಹೊಸ ತಯಾರಕರಿದ್ದಾರೆ, ಹಳೆಯ ಮಾದರಿಗಳಿಗೆ ಕೊರೆಯಚ್ಚು, ರಬ್ಬರು, ಗಾಜು ಮಾಡಿ ಮಾರುವವರಿದ್ದಾರೆ. ಕಾಲು ಡಾಲರಿಗೆ ಯಾರೂ ಆಡಬಹುದಾಗಿದ್ದ ಆಟ ಬಹುಪಾಲು ಅನುಕೂಲವಂತರ ಮನೆಯೊಳಗೆ ಸೇರಿದೆ. ಕೂಲಿ ಮುಗಿಸಿ ಬಂದು ಕೋಟಿನ ಗುಂಡಿಯನ್ನೂ ಬಿಚ್ಚದೆ ಫ್ಲಿಪ್ಪರಿನ ಗುಂಡಿ ಒತ್ತುತ್ತಿದ್ದವರು ಇದನ್ನು ಕಂಡಿದ್ದರೆ ಬೆರಗಾಗುತ್ತಿದ್ದರು. ಅವರಲ್ಲಿ ಕೆಲವರು ವಾರದ ಕೂಲಿಯ ಒಂದಿಷ್ಟನ್ನು ಅಲ್ಲಿಯೇ ಕಳೆದು ಹೋಗುತ್ತಿದ್ದುದೂ ಅಷ್ಟೇ ನಿಜ. ಆ ನಾಣ್ಯಗಳನ್ನು ಎಣಿಸಿದ ಕೈಗೆ ಅದು ಗೊತ್ತು.

ಬಣ್ಣಕ್ಕೆ ಮುಂಚಿನ ಕೆಲಸ ಬೇಸರದ್ದು. ಗೀರು, ಕಚ್ಚುಗಳಿಗೆ ಕಾರಿನ ಮೈ ತುಂಬುವ ಪಾಲಿಯೆಸ್ಟರ್ ಲಪ್ಪ ಹಚ್ಚಿ, 80ರಿಂದ ಶುರುಮಾಡಿ 220ರವರೆಗೆ ಮರಳುಕಾಗದದಲ್ಲಿ ಇಳಿಸಬೇಕು. ಕಣ್ಣಿಗೆ ನುಣುಪು ಕಂಡಲ್ಲಿ ಕೈಗೆ ತಗ್ಗು ಸಿಗುತ್ತದೆ. ಪ್ರೈಮರ್ ಒಂದು ಪದರ ಬಿದ್ದಾಗ ಉಳಿದ ತಗ್ಗುಗಳೆಲ್ಲ ಎದ್ದು ಕಾಣುತ್ತವೆ, ಮತ್ತೆ ತುಂಬಿ ಮತ್ತೆ ಉಜ್ಜಬೇಕು. ತಳದ ತಿಳಿಬಣ್ಣ ಚೆನ್ನಾಗಿ ಗಟ್ಟಿಯಾಗಲು ದಿನಗಳನ್ನೇ ಬಿಡಬೇಕು, ಇಲ್ಲದಿದ್ದರೆ ಮೇಲಿನ ಅಚ್ಚಿನ ಟೇಪು ಅದನ್ನೂ ಕಿತ್ತುಕೊಂಡು ಬರುತ್ತದೆ. ಗೆರೆ ಎಳೆದಿಟ್ಟ ಹಾಳೆಯಿಂದ ರಟ್ಟಿನ ಕೊರೆಯಚ್ಚು ಕತ್ತರಿಸಿ, ಮೈಗೆ ಪೂರ್ತಿ ಅಂಟಿಸದೆ, ಭಾರವಿಟ್ಟು ನಿಲ್ಲಿಸಿ ಸಿಂಪಡಿಸಿದರೆ ಅಂಚು ತುಸು ಮಸುಕಾಗುತ್ತದೆ. ಕಾರ್ಖಾನೆಯ ಕೆಲಸವೂ ಹಾಗೆಯೇ ಇತ್ತು. ಚೂರಿಯಲ್ಲಿ ಕತ್ತರಿಸಿದಷ್ಟು ಚೂಪಾದ ಅಂಚು ಆ ಕಾಲದ ಪೆಟ್ಟಿಗೆಗೆ ಒಪ್ಪುವುದಿಲ್ಲ. ಒಳಮೈಗೆ ಬಣ್ಣ ಬಳಿಯಲಿಲ್ಲ. ಅಲ್ಲಿ ಯಾರೋ ಮೆಕ್ಯಾನಿಕ್ ಪೆನ್ಸಿಲಿನಲ್ಲಿ ಬರೆದ ಫ್ಯೂಸಿನ ಅಳತೆ, ಯಾವುದೋ ವಾರದ ಗಳಿಕೆಯ ಕೂಡು-ಕಳೆ ಇನ್ನೂ ಇವೆ. ಅವುಗಳಿಂದ ಮರಕ್ಕೆ ಯಾವ ಕೇಡೂ ಇಲ್ಲ.

ಕೊನೆಯ ಹಂತದಲ್ಲಿ ಕಾಲುಗಳು. ಮೂಲೆಯ ಒಳಗೆ ಹೊಸ ಉಕ್ಕಿನ ತಟ್ಟೆ ಕೂರಿಸಿ, ಕಾಲಿಗೂ ಬಣ್ಣದ ಮೈಗೂ ನಡುವೆ ತೆಳುವಾದ ರಕ್ಷಣೆ ಕೊಟ್ಟು, ಬೋಲ್ಟುಗಳನ್ನು ಸರದಿಯ ಮೇಲೆ ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಪೆಟ್ಟಿಗೆಯನ್ನು ನಿಲ್ಲಿಸಲು ಇಬ್ಬರು ಬೇಕು. ಮೊಣಕಾಲು ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು. ವೈರಿನ ಗೊಂಚಲು ಮೊದಲು, ರಿಲೇ ಫಲಕ ಆಮೇಲೆ, ಆಟದ ಹಲಗೆ ಕೊನೆಗೆ. ಕಾಲಿನ ಬುಡದ ತಿರುಪುಗಳಿಂದ ಅಡ್ಡಮಟ್ಟ ಸರಿಮಾಡಿ, ಆಟದ ಹಲಗೆಗೆ ಮೂರೂವರೆ ಡಿಗ್ರಿಯ ಇಳಿಜಾರು ಕೊಡಬೇಕು, ಆ ಕಾಲದ ಯಂತ್ರಗಳನ್ನು ಅಷ್ಟಕ್ಕೆಂದೇ ರೂಪಿಸಲಾಗಿತ್ತು. ತೂಗುವ ಟಿಲ್ಟ್ ಗುಂಡನ್ನು ಅದರ ಸುತ್ತಿನ ಬಳೆಯ ನಡುಮಧ್ಯಕ್ಕೆ ತಂದು ಬಿಗಿದ ಮೇಲೆ ಯಂತ್ರವನ್ನು ಗೋಡೆಗೆ ಸರಿಸಬಹುದು. ಸರಿಸುವಾಗ ಎಳೆಯಬಾರದು, ಎತ್ತಬೇಕು.